ಒಂದು ಕೇಸು, ಎರಡು ಜೇಬು: ವಕೀಲರ ಫೀಸು ಹಂಚಿಕೊಂಡ ಕಥೆ

ಗಂಗಾವತಿಯಲ್ಲಿ ನನ್ನದು 12 ಹಾಸಿಗೆಯ ಸಣ್ಣ ನರ್ಸಿಂಗ್ ಹೋಂ. ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗದಿಂದ ನೋಟಿಸ್ ಬಂದ ದಿನ ಹೊರಗೆ ಜ್ವರದ ಪೇಷಂಟ್‌ಗಳು ತುಂಬಿದ್ದರು. ಮಡಚಿ ಜೇಬಿಗೆ ಹಾಕಿಕೊಂಡೆ. ಓದಿದ್ದು ಮಧ್ಯಾಹ್ನ ಮೂರಕ್ಕೆ.

ಡ್ರಿಪ್‌ನಲ್ಲಿ ಕೊಟ್ಟ ಔಷಧ ರಕ್ತನಾಳದಿಂದ ಹೊರಗೆ ಸೋರಿ ಒಬ್ಬರ ಕೈ ಊದಿತ್ತು. ಮುಂದೆ ಬಳ್ಳಾರಿಯಲ್ಲಿ ಆಪರೇಷನ್ ಆಯಿತು. 18 ಲಕ್ಷ ಪರಿಹಾರ ಕೇಳಿದ್ದರು. "ತರಬೇತಿಯೇ ಇಲ್ಲದ ಹುಡುಗಿ ಇಂಜೆಕ್ಷನ್ ಕೊಟ್ಟಳು" ಅಂತ ಒಂದು ಸಾಲೂ ಇತ್ತು. ಆ ಸಾಲನ್ನು ನಾನು ಹಾಗೇ ದಾಟಿ ಹೋದೆ. ವಿಮಾ ಕಂಪನಿ ದಾಟಲಿಲ್ಲ.

ನನ್ನ ಹತ್ತಿರ 20 ಲಕ್ಷದ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಇತ್ತು, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ಕೇಸಾದರೆ ಪರಿಹಾರ ಕಟ್ಟುವ ವಿಮೆ. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಕೇಸಿನಲ್ಲಿ ಹಣ ಪಡೆದು ಚಿಕಿತ್ಸೆ ಕೊಡುವ ಡಾಕ್ಟರುಗಳನ್ನೂ ಗ್ರಾಹಕ ಕಾಯ್ದೆಯೊಳಗೆ ತಂದಿತಲ್ಲ, ಆಮೇಲೆ ಈ ಪಾಲಿಸಿ ಇಲ್ಲದೆ ಬೋರ್ಡ್ ಹಾಕುವ ಧೈರ್ಯ ಯಾರಿಗಿದೆ? ಕಂಪನಿಗೆ ಅವತ್ತೇ ಮೇಲ್ ಕಳಿಸಿದೆ. ವಾರದಲ್ಲಿ ಉತ್ತರ ಬಂತು. ಮೇಲ್ಗಡೆ 'ವಿದೌಟ್ ಪ್ರಿಜುಡೀಸ್', ಅಂದರೆ ನಮ್ಮ ಹಕ್ಕು ಬಿಟ್ಟುಕೊಡದೆ, ಅಂತ ದಪ್ಪ ಅಕ್ಷರ. ನಮ್ಮ ಪ್ಯಾನೆಲ್ ವಕೀಲರು (ಕಂಪನಿಯ ಪಟ್ಟಿಯಲ್ಲಿರುವ ವಕೀಲರು) ನಿಮ್ಮ ಪರ ಕೇಸು ನಡೆಸುತ್ತಾರೆ, ವಕಾಲತ್ತಿಗೆ ಸಹಿ ಹಾಕಿ ಕಳಿಸಿ ಎಂದಿದ್ದರು. ಕೊನೆಯ ಪ್ಯಾರಾದಲ್ಲಿ, ಇಂಜೆಕ್ಷನ್ ಕೊಟ್ಟವರು ಅರ್ಹ ಸಿಬ್ಬಂದಿ ಅಲ್ಲ ಅಂತಾದರೆ ಪರಿಹಾರ ಕೊಡುವ ಜವಾಬ್ದಾರಿ ನಮಗಿಲ್ಲ ಎಂದೂ ಇತ್ತು.

ಪ್ಯಾನೆಲ್ ವಕೀಲರು ಒಳ್ಳೆಯ ಮನುಷ್ಯ. ಫೋನ್ ಮಾಡಿ ಮೊದಲು ಕೇಳಿದ್ದೇ, "ಡಾಕ್ಟ್ರೇ, ಆ ರಾತ್ರಿ ಸೂಜಿ ಹಿಡಿದವರು ಯಾರು?"

ಬಾಯಿ ತೆರೆದವನು ಹಾಗೇ ನಿಂತೆ. ಇಂಜೆಕ್ಷನ್ ಕೊಟ್ಟದ್ದು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇದ್ದ ನರ್ಸ್. ಆದರೆ ಅಷ್ಟರಲ್ಲಿ ಒಂದು ಹೆರಿಗೆ ಕೇಸ್ ಬಂದು ಅವರು ಆ ಕಡೆ ಓಡಿದ್ದರು. ಚಾರ್ಟ್‌ನಲ್ಲಿ ಸಹಿ ಹಾಕಿದ್ದು ಟ್ರೇ ಹಿಡಿದಿದ್ದ ಸಹಾಯಕಿ. ಇದನ್ನು ಈ ವಕೀಲರಿಗೆ ಹೇಳಿದರೆ ಯಾರಿಗೆ ಹೇಳಿದ ಹಾಗೆ? ನನ್ನ ವಕೀಲರಿಗಾ, ಕಂಪನಿಗಾ? ನರ್ಸ್ ಕೊಟ್ಟರು ಅಂತ ಸಾಬೀತಾದರೆ ಕಂಪನಿ ಹಣ ಕಟ್ಟಬೇಕು. ಸಹಾಯಕಿ ಅಂತಾದರೆ ಕಂಪನಿ ಪಾರು, ನಾನು ಮುಳುಗಿದೆ. ಆ ವಕೀಲರು ಬೇಕಂತಲೇ ನನ್ನನ್ನು ಕೈಬಿಡುತ್ತಾರೆ ಎಂದಲ್ಲ. ಆ ಒಂದು ಪ್ರಶ್ನೆಯಲ್ಲಿ ಅವರು ಎರಡು ದೋಣಿಯಲ್ಲಿ ಕಾಲಿಟ್ಟಿದ್ದರು, ಅಷ್ಟೇ.

ಮರುದಿನ ಗಿಣಿಗೇರಾ ದಾಟಿ ಕೊಪ್ಪಳಕ್ಕೆ ಹೋಗಿ ಪರಿಚಯದ ವಕೀಲರೊಬ್ಬರನ್ನು ಕಂಡೆ. ಕೋರ್ಟ್ ಎದುರಿನ ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ ತಿನ್ನುತ್ತಾ ಅವರು ಒಂದು ವಿಷಯ ಹೇಳಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರ ಕ್ಯೂಮಿಸ್ ಎಂಬ ತೀರ್ಪಿನ ಪ್ರಕಾರ, ಹೀಗೆ ಹಿತ ಒಡೆದಾಗ ವಿಮೆ ಮಾಡಿಸಿದವರು ತಮ್ಮದೇ ಸ್ವತಂತ್ರ ವಕೀಲರನ್ನು ಇಟ್ಟುಕೊಳ್ಳಬಹುದು, ಖರ್ಚು ಕಂಪನಿಯದು. 1987ರಲ್ಲಿ ಅದನ್ನು ಕಾಯ್ದೆಗೂ ಸೇರಿಸಿದರು. ಅಲ್ಲಿಯೂ ಕೇಳಿದಷ್ಟು ಫೀಸು ಸಿಗಲ್ಲ. ಆ ಊರಲ್ಲಿ ಅಂಥದೇ ಕೇಸಿಗೆ ಕಂಪನಿ ತನ್ನ ವಕೀಲರಿಗೆ ಕೊಡುವ ದರವೇ ಮಿತಿ. "ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ನಿಮ್ಮ ಪಾಲಿಸಿ ಏನು ಹೇಳುತ್ತೋ ಅದೇ ಕಾಯ್ದೆ. ಓದಿದ್ದೀರಾ?"

ಓದಿರಲಿಲ್ಲ. ಮನೆಗೆ ಬಂದು ಓದಿದೆ. ಡಿಫೆನ್ಸ್ ಖರ್ಚು, ಅಂದರೆ ಕೇಸು ಎದುರಿಸುವ ಖರ್ಚು ಕೊಡುತ್ತೇವೆ, ಆದರೆ ಕಂಪನಿ ಮೊದಲೇ ಬರಹದಲ್ಲಿ ಒಪ್ಪಿರಬೇಕು ಎಂದಿತ್ತು. ಇನ್ನೊಂದು ಮಾತು ನನಗೆ ಗೊತ್ತೇ ಇರಲಿಲ್ಲ: ವಕೀಲರ ಫೀಸೂ ಅದೇ 20 ಲಕ್ಷದೊಳಗೇ ಕಳೆಯುತ್ತದೆ. ಫೀಸು ಜಾಸ್ತಿಯಾದಷ್ಟೂ ಪರಿಹಾರಕ್ಕೆ ಉಳಿಯುವ ಹಣ ಕಡಿಮೆ.

ಅಷ್ಟರಲ್ಲಿ ನಾನು ಒಂದು ತಪ್ಪು ಮಾಡಿಯಾಗಿತ್ತು. ಹೋಟೆಲಿನಲ್ಲೇ 15,000 ಅಡ್ವಾನ್ಸ್ ಕೊಟ್ಟಿದ್ದೆ.

ಕಂಪನಿಗೆ ಒಂದೂವರೆ ಪುಟದ ಪತ್ರ ಬರೆದೆ. ನಿಮ್ಮ ಪತ್ರದ ಕೊನೆಯ ಪ್ಯಾರಾದಿಂದ ನಮ್ಮಿಬ್ಬರ ಹಿತ ಬೇರೆಯಾಗಿದೆ, ಆದ್ದರಿಂದ ನನ್ನ ಆಯ್ಕೆಯ ವಕೀಲರಿಗೆ ಒಪ್ಪಿಗೆ ಕೊಡಿ, ಅವರ ಅನುಭವ ಇಷ್ಟು, ಫೀಸು 90,000. ಜೊತೆಗೆ ಒಂದು ಮಾತು: ದೂರಿಗೆ ಉತ್ತರವಾಗಿ ಕೊಡುವ ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ ಇನ್ನು 15 ದಿನ, ಅದರ ಮೇಲೆ ಒಂದು ದಿನವೂ ಸಿಗಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ, ನೀವು ತಡ ಮಾಡಿದರೆ ನಷ್ಟ ನಿಮಗೂ ಇದೆ. ಈ ಸಾಲೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ. ನಾಲ್ಕೇ ದಿನಕ್ಕೆ ಫೋನ್ ಬಂತು.

ಅವರು ಶುರು ಮಾಡಿದ್ದು 25,000ಕ್ಕೆ. ಪ್ಯಾನೆಲ್ ರೇಟು ಅಂತೆ. ಅದು ಸಾಮಾನ್ಯ ಕೇಸಿನ ರೇಟು, ವೈದ್ಯಕೀಯ ನಿರ್ಲಕ್ಷ್ಯದ ಕೇಸಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟು ಕೊಡುತ್ತೀರಿ ತೋರಿಸಿ ಎಂದೆ. ತೋರಿಸಲಿಲ್ಲ, ಆದರೆ ಮೇಲೆ ಬಂದರು. ಒಪ್ಪಿಗೆಗೆ ಮುಂಚಿನ 15,000 ಲೆಕ್ಕಕ್ಕೇ ಇಲ್ಲ ಎಂದರು. ಉಳಿದ 75,000ದಲ್ಲಿ 45,000 ಅವರದು, 30,000 ನನ್ನದು. ಹುಬ್ಬಳ್ಳಿಯ ಸರ್ಜನ್ ಒಬ್ಬರ ತಜ್ಞ ಅಭಿಪ್ರಾಯಕ್ಕೆ 12,000, ಅದು ಅರ್ಧ ಅರ್ಧ. ನರ್ಸ್ ವಿಷಯದಲ್ಲಿ ಕಂಪನಿಗೇ ಎದುರು ಬರೆದ ಪತ್ರಗಳಿಗೆ 8,000 ಆಯಿತು. ಅದನ್ನು ನಾನೊಬ್ಬನೇ ಕೊಟ್ಟೆ. ಕಂಪನಿಯ ಜೊತೆ ಜಗಳ ಆಡುವುದಕ್ಕೆ ಕಂಪನಿಯ ಹತ್ತಿರವೇ ದುಡ್ಡು ಕೇಳೋದು ಹೇಗೆ? ಹಾಗಾಗಿ ವಕೀಲರು ಮೊದಲ ದಿನದಿಂದಲೇ ಎರಡು ಬಿಲ್ ಪುಸ್ತಕ ಇಟ್ಟರು. ಒಂದು ಕೇಸಿನದು, ಒಂದು ಪಾಲಿಸಿಯದು. ಯಾವ ತಾರೀಖು, ಯಾವ ಕೆಲಸ, ಎಷ್ಟು ಅಂತ ಸಾಲು ಸಾಲಾಗಿ. ಹೀಗೆ ಇಟ್ಟಿದ್ದಕ್ಕೇ ಕೊನೆಗೆ ಒಂದು ಬಿಲ್ಲೂ ವಾಪಸ್ ಬರಲಿಲ್ಲ.

ಪ್ರತಿ ವಾಯಿದೆಯ ವರದಿ ಕಂಪನಿಗೆ ಹೋಗುತ್ತಿತ್ತು. ನಮ್ಮಿಬ್ಬರ ಮಾತು ಹೋಗುತ್ತಿರಲಿಲ್ಲ. ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆ ಹಾಕುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, ಈಗಿನ ಹೊಸ ಕಾಯ್ದೆಯಲ್ಲೂ ಇದೆ. ಹಾಗಂತ ಕಂಪನಿಗೆ ಸುಳ್ಳು ಹೇಳಬೇಡಿ ಎಂದು ವಕೀಲರು ಖಡಕ್ಕಾಗಿ ಹೇಳಿದ್ದರು. ಸುಳ್ಳು ಸಿಕ್ಕಿಬಿದ್ದರೆ ಪಾಲಿಸಿಯೇ ಹೋಗುತ್ತದೆ. ಕಂಪನಿ ಬರಹದಲ್ಲಿ ಕೇಳಿದಾಗ ಚಾರ್ಟ್‌ನ ಸಹಿ ಯಾರದು ಎಂಬುದನ್ನೂ ಸೇರಿಸಿ ಇದ್ದದ್ದು ಇದ್ದ ಹಾಗೆ ಬರೆದೆವು. ಜೊತೆಗೆ ನರ್ಸ್‌ನ ಅಫಿಡವಿಟ್, ನೋಂದಣಿ ಪತ್ರ, ಹೆರಿಗೆ ರಿಜಿಸ್ಟರ್.

ಇಂಜೆಕ್ಷನ್ ಕೊಟ್ಟದ್ದು ಅರ್ಹ ನರ್ಸ್ ಎಂದು ಆಯೋಗ ಒಪ್ಪಿತು. ಆದರೆ ಆಮೇಲೆ ಕೈಯನ್ನು ಸರಿಯಾಗಿ ಗಮನಿಸಲಿಲ್ಲ ಅಂತ 1,20,000 ಪರಿಹಾರ, 10,000 ಖರ್ಚು ಕೊಡಲು ಹೇಳಿತು. ಆ ಮಾತು ಸರಿಯೇ. ಕಂಪನಿ ಅಪೀಲು ಹೋಗದೆ ಕಟ್ಟಿತು.

ಈಗ ರಾತ್ರಿ ಚಾರ್ಟ್‌ಗೆ ಸೂಜಿ ಚುಚ್ಚಿದವರೇ ಸಹಿ ಹಾಕಬೇಕು, ಹೆರಿಗೆ ಬಂದರೂ ಸರಿ. ಮುಂದಿನ ರಿನ್ಯೂವಲ್‌ಗೆ ಬಂದ ಏಜೆಂಟ್‌ಗೆ, ಹಿತ ಬೇರೆಯಾದಾಗ ನನ್ನ ವಕೀಲರು, ನಿಮ್ಮ ಫೀಸು ಅಂತ ಒಂದು ಸಾಲು ಬರೆಸಿಕೊಡಿ ಎಂದೆ. "ಇದನ್ನ ಯಾರೂ ಕೇಳಲ್ಲ ಡಾಕ್ಟ್ರೇ" ಎಂದು ನಕ್ಕರು. 15,000ದ ರಸೀದಿ ತೆಗೆದು ಟೇಬಲ್ ಮೇಲಿಟ್ಟೆ.