ಚಿಮಣಿ ನಿಲ್ಲಿಸುವ ಮೊದಲೇ ತೂತಿನ ಜಾಗ ಗುರುತು ಮಾಡಿ

ಗಂಗಾವತಿ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. ಭತ್ತ ಬೇಯಿಸುವ ಬಾಯ್ಲರ್‌ಗೆ ಹೊಟ್ಟೇ ಉರುವಲು. 1981ರ ವಾಯು ಕಾಯ್ದೆ ಪ್ರಕಾರ ಕಟ್ಟುವ ಮೊದಲು ಒಂದು ಒಪ್ಪಿಗೆ (ಸಿಎಫ್‌ಇ), ಗಿರಣಿ ಓಡಿಸುವ ಮೊದಲು ಇನ್ನೊಂದು (ಸಿಎಫ್‌ಒ) ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬೇಕು. ಕಾಗದ ಪತ್ರ ಕಷ್ಟ ಆಗಲಿಲ್ಲ. ನಾನು ಎಡವಿದ್ದು ಚಿಮಣಿಯಲ್ಲಿ.

ಹೊಗೆಯ ಸ್ಯಾಂಪಲ್ ತೆಗೆಯಲು ಚಿಮಣಿಗೆ ಒಂದು ತೂತು ಬೇಕಲ್ವಾ, ಅದನ್ನು ವೆಲ್ಡಿಂಗ್‌ನವರು ಕೈಗೆ ಸಿಗಲಿ ಅಂತ ಬಾಯ್ಲರ್ ಹೊಗೆ ತರುವ ಕೊಳವೆ (ಡಕ್ಟ್) ಬಂದು ಸೇರುವ ಜಾಗದ ಪಕ್ಕದಲ್ಲೇ ಕೊರೆದಿದ್ದರು, ನಾನೂ ಸರಿ ಅಂದಿದ್ದೆ. ಲ್ಯಾಬ್‌ನ ಹುಡುಗ ನೋಡಿದ ಕೂಡಲೇ ತಲೆ ಆಡಿಸಿದ. ತಿರುವಿನ ಹತ್ತಿರ ಹೊಗೆ ಸುಳಿ ಸುತ್ತುತ್ತದೆ, ದೂಳಿನ ಲೆಕ್ಕ ಸರಿ ಬರುವುದಿಲ್ಲ. ಡಕ್ಟ್ ಸೇರುವಲ್ಲಿಂದ ಚಿಮಣಿ ವ್ಯಾಸದ 8 ಪಟ್ಟು ಮೇಲೆ, ತುದಿಯಿಂದ 2 ಪಟ್ಟು ಕೆಳಗೆ ತೂತು ಇರಬೇಕು. ನಮ್ಮದು ಅರ್ಧ ಮೀಟರ್ ವ್ಯಾಸ, ಅಂದರೆ ಡಕ್ಟ್‌ನಿಂದ 4 ಮೀಟರ್ ಮೇಲೆ. ಬಾಯ್ಲರ್ ಆರಿಸಿ, ಹೊಸ ತೂತು ಕೊರೆಸಿ, ಏಣಿ, ನಿಲ್ಲಲು ಕಟಕಟೆ ಇರುವ ಪ್ಲಾಟ್‌ಫಾರಂ ಎಲ್ಲ ಮಾಡಿಸುವಷ್ಟರಲ್ಲಿ 9 ದಿನ ಗಿರಣಿ ಬಂದ್.

ಡಿಜಿ ಸೆಟ್‌ನ (ಡೀಸೆಲ್ ಜನರೇಟರ್) ಹೊಗೆ ಪೈಪಿನ ಎತ್ತರಕ್ಕೂ ಲೆಕ್ಕ ಇದೆ. ಅದರ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿ, ಅಷ್ಟು ಮೀಟರ್ ಕಟ್ಟಡದ ಎತ್ತರಕ್ಕೆ ಸೇರಿಸಬೇಕು. 250 ಕೆವಿಎಗೆ ಸುಮಾರು 3.2 ಮೀಟರ್.

ಸಿಎಫ್‌ಒ ಬಂತು. ಮಾರನೇ ಬೇಸಿಗೆಯಲ್ಲಿ ಹಿಂದಿನ ಮನೆಯ ಅಕ್ಕ ಮೊರ ಹಿಡಿದು ಗೇಟಿಗೆ ಬಂದರು. 'ನೋಡ್ರಿ ಅಣ್ಣಾರ, ಸಂಡಿಗಿ ಮ್ಯಾಲೆಲ್ಲ ಕರಿ ಬಿದ್ದೈತಿ.' ಬಿಳಿ ಸಂಡಿಗೆ ಮೇಲೆ ಸುಟ್ಟ ಹೊಟ್ಟಿನ ಚೂರುಗಳು, ಮುಟ್ಟಿದರೆ ಬೆರಳಿಗೆ ಮಸಿ. ನನಗೆ ನಾಚಿಕೆಯಾಯಿತು. ಹೋಗಿ ನೋಡಿದರೆ ಹೊಗೆಯನ್ನು ಸುತ್ತಿಸಿ ಬೂದಿ ಕೆಳಗೆ ಬೀಳಿಸುವ ಮಲ್ಟಿ ಸೈಕ್ಲೋನ್‌ನ ಕೆಳಗಿನ ಬೂದಿ ಬಾಗಿಲಿನ ಸಂದು ಮುಚ್ಚುವ ಪ್ಯಾಕಿಂಗ್ ಹರಿದಿತ್ತು. ಅಲ್ಲಿಂದ ಗಾಳಿ ಒಳಗೆ ಎಳೆದುಕೊಂಡು, ಕೆಳಗೆ ಬಿದ್ದ ಬೂದಿ ಮತ್ತೆ ಎದ್ದು ಚಿಮಣಿ ಹತ್ತುತ್ತಿತ್ತು. ಪ್ಯಾಕಿಂಗ್ ಹಗ್ಗ ಸಾವಿರ ರೂಪಾಯಿ ಕೂಡ ಆಗಲಿಲ್ಲ. ಈಗ ಪ್ರತಿ ಶಿಫ್ಟ್‌ಗೂ ಬೂದಿ ಖಾಲಿ ಮಾಡುತ್ತೇವೆ, ಬಾಗಿಲ ಸುತ್ತ ಕೈ ಆಡಿಸಿ ಗಾಳಿ ಎಳೆಯುತ್ತದಾ ಅಂತ ನೋಡುತ್ತೇವೆ.

ಈ ವರ್ಷ ದೊಡ್ಡ ಬಾಯ್ಲರ್ ಹಾಕಬೇಕು ಅಂತಿದ್ದೇವೆ. ವಿಸ್ತರಣೆಗೂ ಮೊದಲು ಸಿಎಫ್‌ಇ ಬೇಕು. ಅರ್ಜಿ ಇನ್ನೂ ಹಾಕಿಲ್ಲ, ಆದರೆ ಚಿಮಣಿಯ ನಕ್ಷೆಯಲ್ಲಿ ತೂತು, ಏಣಿ ಎಲ್ಲಿ ಅಂತ ಕೆಂಪು ಪೆನ್ನಲ್ಲಿ ಬರೆದು ವೆಲ್ಡಿಂಗ್‌ನವರಿಗೆ ಕೊಟ್ಟಾಗಿದೆ.