ಸೋನಾರ್‌ನಲ್ಲಿ ಸುಳ್ಳು ಸೀಲ್‌ಗಳ ಕಾಟ ತಪ್ಪಿದ್ದು ಹೀಗೆ

ಸಮುದ್ರದ ಉಬ್ಬರವಿಳಿತದಿಂದ ವಿದ್ಯುತ್ ತೆಗೆಯುವ ಟರ್ಬೈನ್ ಹತ್ತಿರ ಸೀಲ್, ಡಾಲ್ಫಿನ್‌ನಂಥ ಕಡಲ ಪ್ರಾಣಿ ಬಂದರೆ ತಿಳಿಯಲಿ ಅಂತ 720 ಕಿಲೋಹರ್ಟ್ಸ್ ಇಮೇಜಿಂಗ್ ಸೋನಾರ್ (ಶಬ್ದದ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಸಾಧನ) ಇಟ್ಟಿದ್ದೆವು. ಕಲಕು ನೀರಲ್ಲಿ ಕ್ಯಾಮೆರಾ ಕುರುಡು, ಅಲ್ವಾ? ಆದರೆ ಸಾಫ್ಟ್‌ವೇರ್ ಸುಮ್ನೆ ಸುಮ್ನೆ ‘ಪ್ರಾಣಿ’ ಅನ್ನುತ್ತಿತ್ತು, ಸೆಳೆತ ಜೋರಾದಾಗ ಇನ್ನೂ ಜಾಸ್ತಿ. ಸೆನ್ಸಿಟಿವಿಟಿ ಇಳಿಸಿದರೆ ನಿಜವಾದ ಸೀಲೂ ಮಾಯ!

ಚಿತ್ರಗಳನ್ನು ಒಂದೊಂದೇ ಫ್ರೇಮ್ ಓಡಿಸಿ ನೋಡಿದೆ. ಕೆಲವು ಗುರುತು ನೇರ ಗೆರೆಗಳು, ಒಂದೇ ಫ್ರೇಮ್‌ನಲ್ಲಿ ಮಿಂಚಿ ಹೋಗುತ್ತಿದ್ದವು. ಅದು ಪಕ್ಕದಲ್ಲಿದ್ದ, ಶಬ್ದದಿಂದಲೇ ನೀರಿನ ವೇಗ ಅಳೆಯುವ ಪ್ರವಾಹ ಮಾಪಕದ ಪಿಂಗ್, ಅಂದರೆ ಅದು ಬಿಡುವ ಶಬ್ದದ ಮಿಡಿತ. ಸೋನಾರ್, ಮಾಪಕ ಎರಡನ್ನೂ ಒಂದೇ ಟ್ರಿಗರ್‌ಗೆ (ಪಿಂಗ್ ಬಿಡಲು ಹೇಳುವ ಸಂಕೇತಕ್ಕೆ) ಕಟ್ಟಿ, ಸರದಿಯಲ್ಲಿ ಪಿಂಗ್ ಮಾಡಿಸಿದೆ. ಗೆರೆ ನಿಂತಿತು.

ಉಳಿದದ್ದು ಗಾಳಿಗುಳ್ಳೆಗಳ ಮೋಡ. ಅಂಚು ಮಸುಕು, ನೀರಿನ ವೇಗದಲ್ಲೇ ತೇಲುತ್ತದೆ. ಪ್ರವಾಹಕ್ಕೆ ಅಡ್ಡ ಅಥವಾ ಎದುರು ಈಜುವುದಕ್ಕೆ ಮಾತ್ರ ಅಲಾರಂ ಕೊಟ್ಟೆ. ಸೀಲ್ ಕೂಡ ಒಮ್ಮೊಮ್ಮೆ ಹರಿವಿನ ಜೊತೆ ತೇಲುತ್ತದಲ್ಲ, ಹಾಗಾಗಿ ತೇಲುವ ಗುರುತುಗಳನ್ನು ಅಳಿಸಿಲ್ಲ. ಬೇರೆ ಫೋಲ್ಡರ್‌ಗೆ ಹಾಕಿ ಕಣ್ಣಲ್ಲೇ ನೋಡುತ್ತೇವೆ.