ಒಂದು ಅಂಕಕ್ಕೆ ಮೂರು ವರ್ಷ: ನೊಂಥಬುರಿಯಲ್ಲಿ ನನ್ನ ಅನುಭವ

ವೃತ್ತಿಪರ ಪುರುಷರ ಟೆನಿಸ್‌ನ ಕೆಳಹಂತವಾದ ಎಂ15 ಟೂರ್ನಿಯ ಪ್ರಧಾನ ಸುತ್ತಿನಲ್ಲಿ ಮೊದಲ ಪಂದ್ಯವನ್ನೇ ಸೋತವನಿಗೆ 156 ಡಾಲರ್ ಸಿಗುತ್ತದೆ, ವಿಶ್ವ ಶ್ರೇಯಾಂಕಕ್ಕೆ ಬೇಕಾದ ಎಟಿಪಿ ಅಂಕ ಸಿಗುವುದಿಲ್ಲ. ಒಂದು ಪಂದ್ಯ ಗೆದ್ದರೆ ಒಂದು ಅಂಕ. ಈ ಲೆಕ್ಕ ಬಲ್ಲವರೇ ಓದುತ್ತಿದ್ದೀರಿ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನಿಂದ ಬಂದು, ಬ್ಯಾಂಕಾಕ್ ಪಕ್ಕದ ನೊಂಥಬುರಿಯಲ್ಲಿ ಟೆನಿಸ್ ತರಬೇತಿ ನೀಡುತ್ತಿರುವ ನನ್ನ ಬಳಿಗೆ ಒಬ್ಬ ಥಾಯ್ ಹುಡುಗ ಬಂದಾಗ ಅವನಿಗೆ ಹತ್ತೊಂಬತ್ತು. ಎಲ್ಲರಂತೆ ನಾನೂ ಅವನನ್ನು ಇಂಥ ಟೂರ್ನಿಗಳನ್ನು ಆಡಿಸಲು ಟರ್ಕಿಯ ಅಂಟಾಲ್ಯಕ್ಕೆ ಕರೆದೊಯ್ದೆ. ಆರು ವಾರಕ್ಕೆ ಹೆಚ್ಚುಕಡಿಮೆ ಮೂರು ಲಕ್ಷ ಬಾತ್ ಕರಗಿತು; ಅದು ಅವನ ತಂದೆ ಪಿಕಪ್ ಗಾಡಿ ಮಾರಿ ಹೊಂದಿಸಿದ್ದ ಹಣ. ಗಟ್ಟಿ ಅಂಕಣದಲ್ಲಿ ಬೆಳೆದವನು ಮಣ್ಣಿನ ಅಂಕಣದಲ್ಲಿ ಜಾರಿ ನಿಲ್ಲುವುದನ್ನು ಕಲಿಯುವ ಹೊತ್ತಿಗೆ ಹಿಂತಿರುಗುವ ದಿನ ಬಂದಿತ್ತು.

ಇಪ್ಪತ್ತೊಂದಕ್ಕೆ, ಥಾಯ್ ಯುವಕರು ಕಡ್ಡಾಯ ಸೇನಾ ಸೇವೆಗೆ ಚೀಟಿ ಎತ್ತುವ ಏಪ್ರಿಲ್ ಎದುರಾಯಿತು. ಕೆಂಪು ಬಂದರೆ ಬ್ಯಾರಕ್, ಕಪ್ಪು ಬಂದರೆ ಬಿಡುಗಡೆ. ಅವನಿಗೆ ಕಪ್ಪು ಬಂತು. ಅಂಗೈ ಬೆವರಿಗೆ ಚೀಟಿ ಒದ್ದೆಯಾಗಿತ್ತು.

ಅಂದೇ ನಿರ್ಧರಿಸಿದೆ: ಇನ್ನು ವಿಮಾನ ಹತ್ತುವುದಿಲ್ಲ, ನೊಂಥಬುರಿಯಲ್ಲೇ ಇರುವ ಮುವಾಂಗ್ ಥೋಂಗ್ ಥಾನಿಯ ರಾಷ್ಟ್ರೀಯ ಟೆನಿಸ್ ಕೇಂದ್ರದಲ್ಲಿ ಟೂರ್ನಿಗಳು ಸಾಲಾಗಿ ಬರುವ ವಾರಗಳಲ್ಲಿ ಮಾತ್ರ, ಮನೆಯ ಊಟ ಉಂಡು, ಸ್ಕೂಟರ್‌ನಲ್ಲಿ ಬಂದು ಆಡುವುದು. ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ "ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ" ಎಂದು ನಕ್ಕ.

ಹಳೆಯ ಸ್ಟ್ರಿಂಗಿಂಗ್ ಯಂತ್ರವೊಂದನ್ನು ಕೊಂಡು ರ‍್ಯಾಕೆಟ್‌ಗಳ ತಂತಿಯನ್ನು ನಾನೇ ಕಟ್ಟತೊಡಗಿದೆ. 200 ಮೀಟರ್ ಸುರುಳಿಯಲ್ಲಿ ಹದಿನಾರು ರ‍್ಯಾಕೆಟ್ ಆಗುತ್ತವೆ. ಬಿಗಿಯನ್ನು 52 ಪೌಂಡ್‌ನಿಂದ 46ಕ್ಕೆ ಇಳಿಸಿ ನೋಡಿದಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಚೆಂಡು ಬೇಲಿಗೆ ಹಾರಿತು, ಸಂಜೆಯ ತೇವದಲ್ಲಿ ಮಾತ್ರ ಹಿಡಿತಕ್ಕೆ ಸಿಕ್ಕಿತು. ಹಾಗಾಗಿ ಎರಡು ಬಗೆಯ ರ‍್ಯಾಕೆಟ್ ಚೀಲದಲ್ಲಿಟ್ಟೆವು. ಡಬಲ್ಸ್‌ನಲ್ಲೇ ಹೆಸರು ಮಾಡಿ 2007ರ ಥಾಯ್ಲೆಂಡ್ ಓಪನ್ ಗೆದ್ದ ಥಾಯ್ ಅವಳಿ ಸಹೋದರರಾದ ರತಿವತನರ ದಾರಿಯನ್ನೂ ಪ್ರಯತ್ನಿಸಿದೆ, ಅವನನ್ನು ಡಬಲ್ಸ್‌ಗೆ ಇಳಿಸಿದೆ. ಜೊತೆಗಾರನ ಭುಜ ಕೈಕೊಟ್ಟಿದ್ದರಿಂದ ಅದು ನಾಲ್ಕೇ ವಾರಕ್ಕೆ ನಿಂತಿತು.

ನಿಜವಾಗಿ ಫಲ ಕೊಟ್ಟದ್ದು ಎರಡನೇ ಸರ್ವ್‌ನ ರಿಟರ್ನ್, ಅಂದರೆ ಎದುರಾಳಿಯ ಎರಡನೇ ಸರ್ವ್ ಅನ್ನು ಮರಳಿ ಹೊಡೆಯುವುದು. ಅವನನ್ನು ಅಂಕಣದ ಹಿಂಗೆರೆಯಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಿ, ದಿನಕ್ಕೆ ಇನ್ನೂರು ಚೆಂಡು ನಾನೇ ಹೊಡೆದೆ. ಎದುರಾಳಿಯ ಕೈಯಲ್ಲಿ ಅವನು ಏನನ್ನು ಗಮನಿಸುತ್ತಾನೆ ಎಂಬುದನ್ನು ಇಲ್ಲಿ ಹೇಳಲಾರೆ, ಅವನಿನ್ನೂ ಆಡುತ್ತಿದ್ದಾನೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮೂರನೇ ಸೆಟ್ಟಿನ ಟೈಬ್ರೇಕ್‌ನಲ್ಲಿ ಪಂದ್ಯ ಗೆದ್ದಾಗ, ಮೊದಲ ಎಟಿಪಿ ಅಂಕ ಬಂತು. ವರ್ಷದೊಳಗೆ ಹತ್ತೋ ಹನ್ನೊಂದೋ ಆದವು. "ಖ್ರೂ (ಗುರುಗಳೇ), ಒಂದೊಂದು ಅಂಕಕ್ಕೆ ಎಷ್ಟು ಬಿತ್ತು?" ಎಂದು ಅವನ ತಂದೆ ಕೇಳಿದಾಗ, ಅಂಟಾಲ್ಯವನ್ನು ಲೆಕ್ಕದಿಂದ ಬಿಟ್ಟು ಹೇಳಿದೆ.

ಗಾದೆ ಹೇಳಿದ್ದ ಗೆಳೆಯ ಕಳೆದ ವಾರ ಕರೆ ಮಾಡಿ, ತನ್ನಿಬ್ಬರು ಹುಡುಗರಿಗೆ ನೊಂಥಬುರಿಯಲ್ಲಿ ಕೋಣೆ ಬಾಡಿಗೆ ಎಷ್ಟೆಂದು ವಿಚಾರಿಸಿದ. ತಿಂಗಳಿಗೆ ಆರು ಸಾವಿರ ಬಾತ್, ತಂತಿ ಕಟ್ಟುವ ಕೂಲಿ ಬೇರೆ ಎಂದೆ.